ಬೆಲ್ಲದ ಚೂರಿನಷ್ಟು ಜಾಗದಲ್ಲಿ ಎಷ್ಟು ಕಂಪ್ಯೂಟರ್ ಹಿಡಿದೀತು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪರಮಾಣುಗಳನ್ನು ಒಂದೊಂದಾಗಿ ಜೋಡಿಸಿ ಯಂತ್ರ ಕಟ್ಟುವ ಕಾಲ ಬಂದರೆ, ಬೆಲ್ಲದ ಚೂರಿನಷ್ಟು ಗಾತ್ರದಲ್ಲಿ ಇಂದಿನ ಸೂಪರ್‌ಕಂಪ್ಯೂಟರನ್ನು ಮೀರಿಸುವ ಗಣಕ ಸಿಗುತ್ತದೆ ಎಂದು ಎಲ್ಲೋ ಓದಿ ತರಗತಿಯಲ್ಲಿ ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, ‘ಹಾಗಾದರೆ ಅದಕ್ಕೆ ಮಿತಿಯೇ ಇಲ್ಲವೇ ಮೇಡಂ?’ ಎಂದು ಕೇಳಿದಳು. ನನಗೆ ಉತ್ತರ ತಿಳಿಯಲಿಲ್ಲ. ಮಿತಿ ಇದ್ದರೆ ಮೊದಲು ಎದುರಾಗುವುದು ಯಾವುದು? ನಮ್ಮಲ್ಲಿ ಯಾರಾದರೂ ಈ ಕೆಲಸ ಮಾಡುತ್ತಿದ್ದಾರೆಯೇ?

ಉತ್ತರ: ನಿಮ್ಮ ವಿದ್ಯಾರ್ಥಿನಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಮಿತಿ ಇದೆ. ಆದರೆ ಹೆಚ್ಚಿನವರು ಊಹಿಸುವಂತೆ ಅದು ‘ಇನ್ನು ಇದಕ್ಕಿಂತ ಸಣ್ಣದು ಮಾಡಲಾಗದು’ ಎಂಬಲ್ಲಿ ಮೊದಲು ಎದುರಾಗುವುದಿಲ್ಲ. ಅದಕ್ಕಿಂತ ಬಹಳ ಮುಂಚೆಯೇ ಶಾಖ ಅಡ್ಡ ಬರುತ್ತದೆ. ಲೆಕ್ಕ ಮಾಡುವ ವಸ್ತು ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊರಹಾಕುವ ದಾರಿ ಎಷ್ಟು ಅಗಲವೋ ಲೆಕ್ಕವೂ ಅಷ್ಟೇ. ಉಳಿದ ಮಿತಿಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೀತಿಯಲ್ಲಿ ಇದಕ್ಕೇ ಬಂದು ಸೇರುತ್ತವೆ.

ಇದು ದೂರದ ಭವಿಷ್ಯದ ಊಹೆಯಲ್ಲ, ಈಗಾಗಲೇ ನಮ್ಮ ಮೇಜಿನ ಮೇಲೆ ನಡೆದಿರುವ ಸಂಗತಿ. ಚಿಪ್‌ನೊಳಗಿನ ಸೂಕ್ಷ್ಮ ಸ್ವಿಚ್ಚಾದ ಟ್ರಾನ್ಸಿಸ್ಟರನ್ನು ಕಿರಿದಾಗಿಸಿದಷ್ಟೂ ಅದಕ್ಕೆ ಬೇಕಾದ ವಿದ್ಯುತ್ತೂ ಅದೇ ಪ್ರಮಾಣದಲ್ಲಿ ಇಳಿಸಬಹುದು ಎಂದು ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಸುಮಾರು ಮೂವತ್ತು ವರ್ಷ ಹಾಗೆಯೇ ನಡೆಯಿತು. 2005ರ ಆಸುಪಾಸಿನಲ್ಲಿ ಅದು ನಿಂತುಹೋಯಿತು. ಟ್ರಾನ್ಸಿಸ್ಟರ್ ಆಮೇಲೂ ಕಿರಿದಾಗುತ್ತಲೇ ಬಂದಿದೆ. ಆದರೆ ಪ್ರೊಸೆಸರ್‌ನ ಗಡಿಯಾರದ ಬಡಿತ ಅಂದು ಮೂರು, ನಾಲ್ಕು ಗಿಗಾಹರ್ಟ್ಸ್ (ಸೆಕೆಂಡಿಗೆ ಮುನ್ನೂರು, ನಾನೂರು ಕೋಟಿ ಬಡಿತ) ಇದ್ದದ್ದು ಇಂದಿಗೂ ಅದರ ಹತ್ತಿರದಲ್ಲೇ ಇದೆ. ಇನ್ನೂ ವೇಗವಾಗಿ ಬಡಿಸಿದರೆ ಚಿಪ್ ತಾಳಿಕೊಳ್ಳಲಾರದಷ್ಟು ಬಿಸಿಯಾಗುತ್ತದೆ.

ಈಗ ನೀವು ಓದಿದ ಮಾತಿಗೆ ಬರೋಣ. ಅದರ ಮೂಲದಲ್ಲಿ ಅಮೆರಿಕದ ಎಂಜಿನಿಯರ್ ಎರಿಕ್ ಡ್ರೆಕ್ಸ್ಲರ್ 1992ರಲ್ಲಿ ಪ್ರಕಟಿಸಿದ ‘ನ್ಯಾನೋಸಿಸ್ಟಮ್ಸ್’ ಎಂಬ ಪುಸ್ತಕದ ಲೆಕ್ಕಗಳಿವೆ. ವಿದ್ಯುತ್ತನ್ನು ಬಿಟ್ಟು, ವಜ್ರದಂತಹ ಗಟ್ಟಿ ಇಂಗಾಲದ ರಚನೆಗಳೊಳಗೆ ಜಾರುವ ಸೂಕ್ಷ್ಮ ಕಡ್ಡಿಗಳಿಂದಲೇ ಗಣಕ ಕಟ್ಟುವ ವಿನ್ಯಾಸವನ್ನು ಅವರು ಅಲ್ಲಿ ವಿವರಿಸುತ್ತಾರೆ. ಹಳೆಯ ಮನೆಗಳ ಬಾಗಿಲಿನ ಅಗುಳಿಯನ್ನು ನೆನಪಿಸಿಕೊಳ್ಳಿ. ಒಂದು ಅಗುಳಿಯ ಗುಬುಟು ಅಡ್ಡ ನಿಂತರೆ ಇನ್ನೊಂದು ಅಗುಳಿ ಸರಿಯುವುದಿಲ್ಲ, ಅದು ಪಕ್ಕಕ್ಕೆ ಹೋದರೆ ಸರಿಯುತ್ತದೆ. ಇಷ್ಟಿದ್ದರೆ ಸಾಕು, ‘ಇದೂ ಅದೂ ನಿಜವಾದರೆ’ ಎಂಬ ತರ್ಕವನ್ನೆಲ್ಲ ಕಟ್ಟಬಹುದು. ಅವರ ಅಂದಾಜಿನ ಪ್ರಕಾರ ಇಂತಹ ಹತ್ತು ಲಕ್ಷ ಅಗುಳಿಗಳಿರುವ ಒಂದು ಪ್ರೊಸೆಸರ್ 400 ನ್ಯಾನೋಮೀಟರ್ ಬದಿಯ ಘನದೊಳಗೆ ಕೂರುತ್ತದೆ, ಸೆಕೆಂಡಿಗೆ ಸುಮಾರು 100 ಕೋಟಿ ಆದೇಶಗಳನ್ನು ನಡೆಸುತ್ತದೆ, ಅದಕ್ಕೆ ತಗಲುವುದು 60 ನ್ಯಾನೋವ್ಯಾಟ್ ಮಾತ್ರ.

60 ನ್ಯಾನೋವ್ಯಾಟ್ ಎಂದರೆ ಏನೂ ಅಲ್ಲ ಅನಿಸುತ್ತದೆ. ಆದರೆ ನೀವು ಕೇಳಿದ್ದು ಒಂದು ಪ್ರೊಸೆಸರ್ ಬಗ್ಗೆ ಅಲ್ಲ, ಬೆಲ್ಲದ ಚೂರಿನ ಬಗ್ಗೆ. ಚೂರು ಒಂದು ಘನ ಸೆಂಟಿಮೀಟರ್ ಇರಲಿ. ಅದರಲ್ಲಿ 400 ನ್ಯಾನೋಮೀಟರ್ ಘನಗಳು ಸುಮಾರು 1.6×10¹³ ಹಿಡಿಯುತ್ತವೆ. ಪ್ರತಿಯೊಂದಕ್ಕೂ 60 ನ್ಯಾನೋವ್ಯಾಟ್ ಎಂದರೆ ಒಟ್ಟು 940 ಕಿಲೋವ್ಯಾಟ್. ಮನೆಯ ಸ್ನಾನದ ಗೀಸರ್ ಎರಡು ಕಿಲೋವ್ಯಾಟ್ ಎಂದು ಹಿಡಿದರೆ, 470 ಗೀಸರುಗಳ ಕಾವು ಹೆಬ್ಬೆರಳ ತುದಿಯಷ್ಟು ಜಾಗದಲ್ಲಿ! ತಂಪು ಮಾಡುವ ಏರ್ಪಾಡಿಲ್ಲದೆ ಅದನ್ನು ಚಾಲೂ ಮಾಡಿದರೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಸಾವಿರ ಡಿಗ್ರಿ ದಾಟುತ್ತದೆ. ಈ ಗುಣಾಕಾರವನ್ನು ಮಕ್ಕಳಿಂದಲೇ ಕಪ್ಪುಹಲಗೆಯ ಮೇಲೆ ಮಾಡಿಸಿ. ಬಿಡಿಯಾಗಿ ನಗಣ್ಯವಾದದ್ದು ರಾಶಿಯಾದಾಗ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಡ್ರೆಕ್ಸ್ಲರ್ ಅವರಿಗೆ ಇದು ತಿಳಿಯದ್ದೇನಲ್ಲ. ರಕ್ತನಾಳಗಳಂತೆ ಕವಲೊಡೆಯುತ್ತ ಹೋಗುವ ಸೂಕ್ಷ್ಮ ಕೊಳವೆಗಳಲ್ಲಿ ದ್ರವ ಹರಿಸಿ, ಒಂದು ಘನ ಸೆಂಟಿಮೀಟರಿನಿಂದ ಸುಮಾರು 100 ಕಿಲೋವ್ಯಾಟ್ ಶಾಖವನ್ನು ಎಳೆಯಬಹುದು ಎಂದು ಅವರೇ ಲೆಕ್ಕ ಹಾಕಿದ್ದಾರೆ. ಇಂದಿನ ಸಾಮಾನ್ಯ ಪ್ರೊಸೆಸರುಗಳಿಂದ ನಾವು ತೆಗೆಯುತ್ತಿರುವುದು ಚದರ ಸೆಂಟಿಮೀಟರಿಗೆ 100 ವ್ಯಾಟ್‌ನಷ್ಟು ಎಂಬುದನ್ನು ನೋಡಿದರೆ ಅದು ದೊಡ್ಡ ಮಹತ್ವಾಕಾಂಕ್ಷೆಯೇ. ಆ ಏರ್ಪಾಡು ಸಿದ್ಧಿಸಿತು ಎಂದೇ ಇಟ್ಟುಕೊಳ್ಳಿ. ಆಗಲೂ 940ಕ್ಕೆ ನೂರೇ ಸಿಕ್ಕಿದಂತಾಯಿತು. ಚೂರಿನ ತುಂಬ ಪ್ರೊಸೆಸರುಗಳನ್ನು ತುಂಬಿದರೂ ಹತ್ತರಲ್ಲಿ ಒಂಬತ್ತನ್ನು ಸುಮ್ಮನೆ ಕೂರಿಸಬೇಕು. ಅಂದರೆ ಮಿತಿ ಹಾಕಿದ್ದು ಗಾತ್ರವಲ್ಲ, ಕೊಳಾಯಿ.

ಹಾಗೆಂದು ನೀವು ತರಗತಿಯಲ್ಲಿ ಹೇಳಿದ್ದು ಸುಳ್ಳಾಗುವುದಿಲ್ಲ. 100 ಕಿಲೋವ್ಯಾಟ್‌ಗೆ ಸೆಕೆಂಡಿಗೆ 10²¹ಕ್ಕೂ ಹೆಚ್ಚು ಆದೇಶಗಳು ನಡೆಯುತ್ತವೆ. 2022ರಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೆ ಬಂದ ಅಮೆರಿಕದ ‘ಫ್ರಾಂಟಿಯರ್’ ಸೂಪರ್‌ಕಂಪ್ಯೂಟರ್ 20 ಮೆಗಾವ್ಯಾಟಿಗೂ ಹೆಚ್ಚು ವಿದ್ಯುತ್ ತಿಂದು ಸೆಕೆಂಡಿಗೆ 10¹⁸ಕ್ಕೆ ಸ್ವಲ್ಪ ಮೇಲ್ಪಟ್ಟು ದಶಮಾಂಶ ಲೆಕ್ಕಗಳನ್ನು ಮಾಡುತ್ತದೆ. ಎರಡೂ ಒಂದೇ ಜಾತಿಯ ಲೆಕ್ಕವಲ್ಲವಾದ್ದರಿಂದ ನೇರ ಹೋಲಿಕೆ ಸಲ್ಲದು. ಆದರೂ ಕಾಗದದ ಮೇಲೆ ಚೂರೇ ಗೆಲ್ಲುತ್ತದೆ. ಗೆಲ್ಲುವುದಕ್ಕೂ ಮಿತಿಯಿಲ್ಲದಿರುವುದಕ್ಕೂ ವ್ಯತ್ಯಾಸವಿದೆ, ಅಷ್ಟೇ. ಚೂರನ್ನು ದೊಡ್ಡದು ಮಾಡಿದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ: ಬದಿ ಎರಡು ಪಟ್ಟಾದರೆ ಬಿಸಿಯಾಗುವ ಘನಗಾತ್ರ ಎಂಟು ಪಟ್ಟು, ಶಾಖ ಹೊರಬೀಳುವ ಮೈ ನಾಲ್ಕೇ ಪಟ್ಟು.

ಲೆಕ್ಕ ಮಾಡಿದರೆ ಬಿಸಿ ಏಕೆ ಆಗಬೇಕು? ನನಗೆ ಈ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವ ಭಾಗ ಇದು. ಐಬಿಎಂನ ರಾಲ್ಫ್ ಲ್ಯಾಂಡಾವರ್ 1961ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಬಿಸಿಗೆ ಕಾರಣ ಲೆಕ್ಕ ಮಾಡುವುದಲ್ಲ, ಅಳಿಸುವುದು. ಸ್ಲೇಟಿನ ಮೇಲೆ 3+5 ಎಂದು ಬರೆದು, ಅದನ್ನು ಒರೆಸಿ 8 ಎಂದು ಮಾತ್ರ ಉಳಿಸಿದರೆ, ಆ 8 ಎಲ್ಲಿಂದ ಬಂತು ಎಂದು ಯಾರೂ ಹೇಳಲಾರರು. 6+2 ಆಗಿರಬಹುದು, 7+1 ಆಗಿರಬಹುದು. ಹೀಗೆ ಕಳೆದುಹೋದ ಮಾಹಿತಿ ನಿಸರ್ಗದಲ್ಲಿ ಮಾಯವಾಗುವುದಿಲ್ಲ, ಸುತ್ತಲಿನ ಪರಮಾಣುಗಳ ಗೊಂದಲದ ಅಲುಗಾಟವಾಗಿ, ಅಂದರೆ ಶಾಖವಾಗಿ ಹೊರಬೀಳುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಒಂದು ಬಿಟ್ (0 ಅಥವಾ 1 ಎಂಬಷ್ಟು ಮಾಹಿತಿ) ಅಳಿಸಲು ಕನಿಷ್ಠ ಸುಮಾರು 2.9×10⁻²¹ ಜೂಲ್ ತೆರಲೇಬೇಕು. 2012ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ನೀರಿನಲ್ಲಿ ತೇಲುವ ಗಾಜಿನ ಸೂಕ್ಷ್ಮ ಮಣಿಯೊಂದನ್ನು ಲೇಸರ್ ಕಿರಣದಿಂದ ಹಿಡಿದು ಆಚೀಚೆ ಸರಿಸಿ ಈ ಕನಿಷ್ಠ ಬೆಲೆಯನ್ನು ಪ್ರಯೋಗದಲ್ಲಿಯೇ ತೋರಿಸಿದರು.

ಇಂದಿನ ಟ್ರಾನ್ಸಿಸ್ಟರ್ ಒಂದು ಸಲ ಬದಲಾಗಲು ಈ ಬೆಲೆಯ ಸಾವಿರಾರು ಪಟ್ಟು ತೆರುತ್ತದೆ, ಆದ್ದರಿಂದ ಲ್ಯಾಂಡಾವರ್ ಮಿತಿ ನಮಗೆ ಇನ್ನೂ ದೂರದ ಬೆಟ್ಟ. ಅಣುಯಂತ್ರಗಳಿಗೆ ಹಾಗಲ್ಲ. ಮೇಲೆ ಹೇಳಿದ ಅಗುಳಿ ಪ್ರೊಸೆಸರಿನ ಹತ್ತು ಲಕ್ಷ ಅಗುಳಿಗಳೂ ಪ್ರತಿ ಬಡಿತಕ್ಕೆ ಒಂದೊಂದು ಬಿಟ್ ಅಳಿಸುತ್ತವೆ ಎಂದು ಹಿಡಿಯಿರಿ. ಆಗ ಬೇರೆಲ್ಲ ಘರ್ಷಣೆಯನ್ನು ಸೊನ್ನೆಗಿಳಿಸಿದರೂ ಸುಮಾರು 2.9 ಮೈಕ್ರೋವ್ಯಾಟ್ ಶಾಖ ಏಳುತ್ತದೆ, ವಿನ್ಯಾಸದ 60 ನ್ಯಾನೋವ್ಯಾಟಿನ ಹೆಚ್ಚುಕಡಿಮೆ ಐವತ್ತು ಪಟ್ಟು! ಆ 60 ಎಂಬ ಅಂಕಿ ನಿಂತಿರುವುದೇ ಅಳಿಸುವ ಕೆಲಸ ಅಪರೂಪಕ್ಕೊಮ್ಮೆ ನಡೆಯುತ್ತದೆ ಎಂಬ ನಂಬಿಕೆಯ ಮೇಲೆ. ಡ್ರೆಕ್ಸ್ಲರ್ ಅವರ ಅಂಕಿಗಳನ್ನು ಎತ್ತಿ ಬರೆಯುವ ಜನಪ್ರಿಯ ಲೇಖನಗಳು ಈ ಷರತ್ತನ್ನು ಹೇಳುವುದು ಕಡಿಮೆ.

ಅಳಿಸದೆ ಲೆಕ್ಕ ಮಾಡಬಹುದೇ? ಮಾಡಬಹುದು ಎಂದು ಚಾರ್ಲ್ಸ್ ಬೆನೆಟ್ 1973ರಲ್ಲಿ ತೋರಿಸಿದರು. ಪ್ರತಿ ಹೆಜ್ಜೆಯಲ್ಲೂ ಹಿಂದಿರುಗಲು ಬೇಕಾದಷ್ಟು ಗುರುತು ಉಳಿಸಿಕೊಂಡು, ಉತ್ತರ ಬಂದ ಮೇಲೆ ಅದರ ಪ್ರತಿ ತೆಗೆದು, ಆಮೇಲೆ ಇಡೀ ಲೆಕ್ಕವನ್ನು ಹಿಂದುಮುಂದಾಗಿ ನಡೆಸಿ ಮೊದಲಿನ ಸ್ಥಿತಿಗೆ ಬರುವುದು. ರಂಗೋಲಿಯನ್ನು ಒರೆಸುವ ಬದಲು ಎಳೆ ಎಳೆಯಾಗಿ, ಬಿಡಿಸಿದ ಕ್ರಮಕ್ಕೆ ವಿರುದ್ಧ ಕ್ರಮದಲ್ಲಿ ಬೆರಳಿಗೆ ಮರಳಿ ತೆಗೆದುಕೊಂಡಂತೆ. ಇದಕ್ಕೆ ಹೆಚ್ಚು ನೆನಪಿನ ಜಾಗ ಬೇಕು, ಹೆಚ್ಚು ಹೆಜ್ಜೆ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ನಿಧಾನ ಬೇಕು. ಇಂತಹ ಯಂತ್ರದಲ್ಲಿ ಒಂದೊಂದು ಹೆಜ್ಜೆಗೆ ಹುಟ್ಟುವ ಘರ್ಷಣೆಯ ಶಾಖ ವೇಗಕ್ಕೆ ಅನುಪಾತದಲ್ಲಿರುತ್ತದೆ. ಅರ್ಧ ವೇಗದಲ್ಲಿ ನಡೆಸಿದರೆ ಹೆಜ್ಜೆಗೆ ಅರ್ಧ ಶಾಖ. ಸೆಕೆಂಡಿಗೆ ಹೆಜ್ಜೆಗಳೂ ಅರ್ಧವಾಗುವುದರಿಂದ ಒಟ್ಟು ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ.

ಇದರಲ್ಲಿ ಒಂದು ಒಳ್ಳೆಯ ಉಪಾಯ ಅಡಗಿದೆ. ಒಂಬತ್ತು ಭಾಗ ಪ್ರೊಸೆಸರುಗಳನ್ನು ಸುಮ್ಮನೆ ಕೂರಿಸುವ ಬದಲು ಎಲ್ಲವನ್ನೂ ಸುಮಾರು ಮೂರರಲ್ಲೊಂದು ವೇಗದಲ್ಲಿ ನಡೆಸಿ. ಶಾಖ ಹತ್ತರಲ್ಲೊಂದಕ್ಕೆ ಇಳಿಯುತ್ತದೆ, ಕೆಲಸ ಮಾತ್ರ ಮೂರರಲ್ಲೊಂದರಷ್ಟು ಉಳಿಯುತ್ತದೆ. ಕೊಳವೆಗಳು ತಿನ್ನುವ ಜಾಗವನ್ನೂ ಅಳಿಸಲೇಬೇಕಾದ ಬಿಟ್‌ಗಳನ್ನೂ ಇಲ್ಲಿ ಬಿಟ್ಟಿದ್ದೇನೆ, ಆದರೆ ದಿಕ್ಕು ಸ್ಪಷ್ಟವಾಗಿದೆ. ಅಣುಗಾತ್ರದ ಗಣಕಗಳು ಬಂದರೆ ಅವು ಮಿಂಚಿನ ವೇಗದವಾಗಿರುವುದಿಲ್ಲ, ನಿಧಾನವಾದ ಆದರೆ ಅಸಂಖ್ಯ ಯಂತ್ರಗಳ ಗುಂಪಾಗಿರುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜೀವಕೋಶವೂ ಹೀಗೆಯೇ ಕೆಲಸ ಮಾಡುತ್ತದೆ. ಪ್ರೋಟೀನ್ ಹೆಣೆಯುವ ರೈಬೋಸೋಮ್ ಬ್ಯಾಕ್ಟೀರಿಯಾದಲ್ಲಿ ಸೆಕೆಂಡಿಗೆ ಜೋಡಿಸುವುದು ಹದಿನೈದು, ಇಪ್ಪತ್ತು ಅಮೈನೋ ಆಮ್ಲಗಳನ್ನು ಮಾತ್ರ, ಆದರೆ ಒಂದು ಕೋಶದಲ್ಲಿ ಅಂತಹವು ಸಾವಿರಾರು ಇರುತ್ತವೆ.

ನಿಧಾನದ ಗುಂಪಿಗೆ ಒಪ್ಪದ ಲೆಕ್ಕಗಳೂ ಇವೆ. ಹವಾಮಾನ ಮುನ್ಸೂಚನೆಯನ್ನು ನಕ್ಷೆಯ ಮೇಲೆ ತುಂಡು ತುಂಡಾಗಿ ಹಂಚಬಹುದು, ಆದರೆ ಈ ಗಂಟೆಯ ಲೆಕ್ಕ ಮುಗಿಯದೆ ಮುಂದಿನ ಗಂಟೆಯದನ್ನು ಆರಂಭಿಸಲಾಗದು. ಕೆಲಸದ ನೂರರಲ್ಲಿ ಐದು ಪಾಲು ಹೀಗೆ ಒಂದರ ಹಿಂದೊಂದು ನಡೆಯಬೇಕಾದದ್ದಾಗಿದ್ದರೆ, ಎಷ್ಟು ಕೋಟಿ ಪ್ರೊಸೆಸರ್ ಕೊಟ್ಟರೂ ಇಪ್ಪತ್ತು ಪಟ್ಟಿಗಿಂತ ಬೇಗ ಮುಗಿಯುವುದಿಲ್ಲ. ಇದು ಜೀನ್ ಆಮ್‌ಡಾಲ್ 1967ರಲ್ಲಿ ಮುಂದಿಟ್ಟ ವಾದದಿಂದ ಬಂದ ನಿಯಮ. ವಸ್ತು ಎಷ್ಟೇ ಸಣ್ಣದಾದರೂ ಇದು ಬದಲಾಗುವುದಿಲ್ಲ.

ಇನ್ನು ದೂರದ ಮಾತು. ಕಡ್ಡಿಯನ್ನು ಈ ತುದಿಯಲ್ಲಿ ತಳ್ಳಿದರೆ ಆ ತುದಿಗೆ ಸುದ್ದಿ ಮುಟ್ಟುವುದು ಆ ವಸ್ತುವಿನಲ್ಲಿ ಶಬ್ದ ಹೋಗುವ ವೇಗದಲ್ಲಿ. ವಜ್ರದಲ್ಲಿ ಅದು ಸೆಕೆಂಡಿಗೆ ಸುಮಾರು 17 ಕಿಲೋಮೀಟರ್. 400 ನ್ಯಾನೋಮೀಟರಿಗೆ ಇದು ಧಾರಾಳ ಸಾಕು. ಆದರೆ ನಮ್ಮ ಚೂರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವಷ್ಟರಲ್ಲಿ ಪ್ರೊಸೆಸರಿನ ಗಡಿಯಾರ ಆರು ನೂರು ಸಲ ಬಡಿದಿರುತ್ತದೆ. ಬೆಳಕಿಗೆ ಅದೇ ದೂರ ಒಂದು ಬಡಿತದ ಮೂವತ್ತರಲ್ಲೊಂದು ಭಾಗದ ದಾರಿ. ಹಾಗಾಗಿ ದೂರದ ಸಂದೇಶಗಳಿಗೆ ವಿದ್ಯುತ್ತನ್ನೋ ಬೆಳಕನ್ನೋ ಮೊರೆಹೋಗಬೇಕು. ಹೋದರೆ ಬೆಲೆ? ಇಂದಿನ ಚಿಪ್‌ಗಳಲ್ಲಿರುವಂತಹ ತಾಮ್ರದ ತಂತಿಯಲ್ಲಿ 0.7 ವೋಲ್ಟ್‌ನಲ್ಲಿ ಒಂದು ಬಿಟ್ಟನ್ನು ಒಂದು ಸೆಂಟಿಮೀಟರ್ ಕಳುಹಿಸಲು ಸುಮಾರು 5×10⁻¹³ ಜೂಲ್ ಬೇಕು. ಅಗುಳಿ ಪ್ರೊಸೆಸರ್ ಅಷ್ಟು ಶಕ್ತಿಯಲ್ಲಿ ಎಂಟು ಸಾವಿರ ಆದೇಶಗಳನ್ನು ಮುಗಿಸಿರುತ್ತದೆ. ಲೆಕ್ಕ ಅಗ್ಗವಾದಷ್ಟೂ ಸಾಗಣೆ ದುಬಾರಿಯಾಗಿ ಕಾಣುತ್ತದೆ. ಇಂದಿನ ಕೃತಕ ಬುದ್ಧಿಮತ್ತೆಯ ಚಿಪ್‌ಗಳಲ್ಲೂ ಇದೇ ತಲೆನೋವು: ಗುಣಿಸುವುದಕ್ಕಿಂತ, ಗುಣಿಸಬೇಕಾದ ಅಂಕಿಯನ್ನು ಮೆಮೊರಿಯಿಂದ ತರುವುದಕ್ಕೇ ಹೆಚ್ಚು ವಿದ್ಯುತ್ ಹೋಗುತ್ತದೆ.

ತಪ್ಪುಗಳ ಲೆಕ್ಕ ನಿಮ್ಮ ಮೇಲಿನ ತರಗತಿಯ ಮಕ್ಕಳಿಗೆ ಹಿಡಿಸಬಹುದು. ಬೆಚ್ಚಗಿರುವ ಯಾವ ವಸ್ತುವಿನಲ್ಲೂ ಪರಮಾಣುಗಳು ನಡುಗುತ್ತಿರುತ್ತವೆ. ಆ ನಡುಕದ ಶಕ್ತಿಯ ಅಳತೆ ಕೋಣೆಯ ಉಷ್ಣಾಂಶದಲ್ಲಿ ಸುಮಾರು 4×10⁻²¹ ಜೂಲ್. ಈ ಉತ್ತರದ ಮಟ್ಟಿಗೆ ಇದನ್ನು ‘ಒಂದು ಕುಲುಕು’ ಎನ್ನೋಣ. ಅಗುಳಿ ತಾನಾಗಿಯೇ ಜಾಗ ಬದಲಿಸದಿರಲು ನಡುವೆ ಶಕ್ತಿಯ ಒಂದು ದಿಬ್ಬ ಇರಬೇಕು. ದಿಬ್ಬ ಒಂದೊಂದು ಕುಲುಕು ಎತ್ತರವಾದಂತೆಲ್ಲ ಅಗುಳಿ ತಪ್ಪಿ ಹಾರುವ ಸಂಭವ 2.7 ಪಟ್ಟು ಕುಸಿಯುತ್ತದೆ. ಪೂರ್ತಿ ತುಂಬಿದ ನಮ್ಮ ಚೂರಿನಲ್ಲಿ ಸೆಕೆಂಡಿಗೆ ಸುಮಾರು 10²⁸ ಸಲ ಅಗುಳಿಗಳು ಸರಿಯುತ್ತವೆ. ದಿಬ್ಬ 40 ಕುಲುಕಿನದಾದರೆ ಸ್ಥೂಲ ಲೆಕ್ಕದಲ್ಲಿ ಸೆಕೆಂಡಿಗೆ ಸಾವಿರಾರು ಕೋಟಿ ತಪ್ಪುಗಳು. 80 ಕುಲುಕಿಗೆ ಏರಿಸಿದರೆ ಸುಮಾರು ನಲವತ್ತು ದಿನಕ್ಕೊಂದು ತಪ್ಪು! ಇಷ್ಟು ಅಗ್ಗದಲ್ಲಿ ಇಷ್ಟು ಭದ್ರತೆ ಎಂಜಿನಿಯರಿಂಗಿನಲ್ಲಿ ಸಿಗುವುದು ಅಪರೂಪ.

ಆದರೆ ಚೂರು ಬಿಸಿಯಾಗಿ 27 ಡಿಗ್ರಿಯಿಂದ 127 ಡಿಗ್ರಿಗೆ ಏರಿತು ಎಂದುಕೊಳ್ಳಿ. ನಿರಪೇಕ್ಷ ಅಳತೆಯಲ್ಲಿ 300 ಕೆಲ್ವಿನ್ ಇದ್ದದ್ದು 400 ಆಯಿತು. ಕುಲುಕು ಮೂರರಲ್ಲೊಂದು ಭಾಗ ದೊಡ್ಡದಾದ್ದರಿಂದ ಅದೇ ದಿಬ್ಬ ಈಗ 60 ಕುಲುಕಿನಷ್ಟೇ. ನಲವತ್ತು ದಿನಕ್ಕೊಂದು ಇದ್ದ ತಪ್ಪು ಸೆಕೆಂಡಿಗೆ ನೂರನ್ನು ಮೀರುತ್ತದೆ. ತಪ್ಪನ್ನು ಹುಡುಕಿ ತಿದ್ದಬಹುದು, ನಿಜ. ತಿದ್ದುವುದೆಂದರೆ ತಪ್ಪು ಬಿಟ್ಟನ್ನು ಅಳಿಸುವುದು, ಅಳಿಸಿದರೆ ಶಾಖ. ತಪ್ಪಿನ ಮಿತಿಯೂ ಶಾಖದ ಮಿತಿಯ ಬಾಗಿಲಿಗೇ ಬಂದು ನಿಲ್ಲುತ್ತದೆ ಎಂದು ನಾನು ಆರಂಭದಲ್ಲಿ ಹೇಳಿದ್ದು ಇದಕ್ಕೇ.

‘ಭೌತನಿಯಮಗಳ ಪರಮ ಮಿತಿ’ ಎಂಬ ಅಂಕಿಯೂ ನಿಮ್ಮ ಕಣ್ಣಿಗೆ ಬೀಳಬಹುದು. ಸೇತ್ ಲಾಯ್ಡ್ 2000ದಲ್ಲಿ ಒಂದು ಕಿಲೋಗ್ರಾಂ ವಸ್ತುವಿಗೆ ಸೆಕೆಂಡಿಗೆ ಸುಮಾರು 5×10⁵⁰ ಕ್ರಿಯೆಗಳು ಎಂದು ತೋರಿಸಿದರು. ಆದರೆ ಅಲ್ಲಿ ಆ ವಸ್ತುವೆಲ್ಲ ಶಕ್ತಿಯಾಗಿ ಮಾರ್ಪಟ್ಟು ಕೋಟ್ಯಂತರ ಡಿಗ್ರಿಯ ಉಂಡೆಯಾಗಿರುತ್ತದೆ. ಅಣುಗಳಿಂದ ಕಟ್ಟಿದ ಯಂತ್ರಕ್ಕೆ ಅದು ಅನ್ವಯಿಸುವುದಿಲ್ಲ. ಅಷ್ಟು ಬಿಸಿಯಲ್ಲಿ ಅಣುಗಳೇ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಯಂತ್ರ ಕೈಯಲ್ಲಿದೆ ಎಂದುಕೊಂಡು. ನಿಜಕ್ಕೂ ಇಂತಹ ಅಗುಳಿ ಪ್ರೊಸೆಸರನ್ನು ಯಾರೂ ಕಟ್ಟಿಲ್ಲ. 1989ರಲ್ಲಿ ಐಬಿಎಂನ ಡಾನ್ ಐಗ್ಲರ್ 35 ಕ್ಸೆನಾನ್ ಪರಮಾಣುಗಳನ್ನು ಒಂದೊಂದಾಗಿ ಸರಿಸಿ ಕಂಪನಿಯ ಹೆಸರು ಬರೆದರು, ಅದೂ ನಿರಪೇಕ್ಷ ಸೊನ್ನೆಗೆ ಕೆಲವೇ ಡಿಗ್ರಿ ಮೇಲಿನ ಚಳಿಯಲ್ಲಿ. 2016ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದವರು ತಾಮ್ರದ ಮೇಲಿನ ಕ್ಲೋರಿನ್ ಪರಮಾಣುಗಳನ್ನು ಸರಿಸಿ ಒಂದು ಕಿಲೋಬೈಟ್ ನೆನಪನ್ನು ಕಟ್ಟಿದರು, ದ್ರವ ಸಾರಜನಕದ ಚಳಿಯಲ್ಲಿ. ಎರಡೂ ಅದ್ಭುತ ಸಾಧನೆಗಳು. ಆದರೆ 400 ನ್ಯಾನೋಮೀಟರಿನ ವಜ್ರದ ಗಟ್ಟಿ ಘನದಲ್ಲಿ ಸುಮಾರು 1,100 ಕೋಟಿ ಪರಮಾಣುಗಳಿರುತ್ತವೆ. ಸೆಕೆಂಡಿಗೆ ಒಂದರಂತೆ ಬಿಡುವಿಲ್ಲದೆ ಇಟ್ಟರೂ ಒಂದು ಪ್ರೊಸೆಸರ್ ಮುಗಿಯಲು 350 ವರ್ಷ ಬೇಕು. ತಮ್ಮನ್ನು ತಾವೇ ಕಟ್ಟಿಕೊಳ್ಳುವ ಯಂತ್ರಗಳು ಈ ಕೆಲಸ ಮಾಡುತ್ತವೆ ಎಂಬುದು ಡ್ರೆಕ್ಸ್ಲರ್ ಅವರ ವಾದ. ರಸಾಯನಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಸ್ಮಾಲಿ ಇದನ್ನು ಕಟುವಾಗಿ ವಿರೋಧಿಸಿದರು: ಪರಮಾಣು ಹಿಡಿಯುವ ಬೆರಳುಗಳೂ ಪರಮಾಣುಗಳಿಂದಲೇ ಆಗಿರಬೇಕಲ್ಲ, ಅವು ದಪ್ಪವೂ ಆಗುತ್ತವೆ, ಅಂಟಿಕೊಳ್ಳುತ್ತವೆ ಎಂದು. 2003ರಲ್ಲಿ ಇಬ್ಬರ ಪತ್ರಗಳೂ ಅಚ್ಚಾದವು, ವಿವಾದ ಬಗೆಹರಿಯಲಿಲ್ಲ. ಕಟ್ಟುವ ದಾರಿ ಒಂದು ದಿನ ಸಿಗಬಹುದು ಎಂದೇ ನಾನು ನಂಬುತ್ತೇನೆ. ನಮ್ಮ ಜೀವಮಾನದಲ್ಲಿ ಎಂದು ಮಾತು ಕೊಡಲಾರೆ.

ಕೊನೆಯ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಶ್ರೀತೋಷ್ ಗೋಸ್ವಾಮಿ ಅವರ ತಂಡ 2024ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಕೆಲಸ ಪ್ರಕಟಿಸಿತು. ಅವರದು ಕಡ್ಡಿಗಳ ಯಂತ್ರವಲ್ಲ. ರುಥೇನಿಯಂ ಲೋಹವಿರುವ ಅಣುಗಳ ತೆಳುಪದರಕ್ಕೆ ವಿದ್ಯುತ್ ಮಿಡಿತಗಳನ್ನು ಕೊಟ್ಟು, ಅದರ ವಾಹಕತೆಯನ್ನು 16,500 ಬೇರೆ ಬೇರೆ ಮಟ್ಟಗಳಲ್ಲಿ ನಿಲ್ಲಿಸಬಹುದು ಎಂದು ತೋರಿಸಿದ್ದಾರೆ. ಸಾಮಾನ್ಯ ಮೆಮೊರಿಯ ಒಂದು ಕೋಶ ‘ಇದೆ’ ಅಥವಾ ‘ಇಲ್ಲ’ ಎಂಬ ಎರಡೇ ಮಾತು ಹೇಳುತ್ತದೆ. ಇಲ್ಲಿ ಒಂದೇ ಕೋಶದಲ್ಲಿ 14 ಬಿಟ್‌ಗಳಷ್ಟು ಮಾಹಿತಿ ಕೂರುತ್ತದೆ, ಜೊತೆಗೆ ಗುಣಾಕಾರವೂ ಆ ಕೋಶದಲ್ಲೇ ನಡೆಯುತ್ತದೆ: ಕೊಟ್ಟ ವೋಲ್ಟೇಜನ್ನು ವಾಹಕತೆ ಗುಣಿಸುತ್ತದೆ, ಹರಿಯುವ ಪ್ರವಾಹವೇ ಉತ್ತರ. ನಿಮ್ಮ ಮಕ್ಕಳು ಓದುವ ಓಮ್ ನಿಯಮವೇ ಇದು. ಅಂಕಿಯನ್ನು ಮೆಮೊರಿಯಿಂದ ಪ್ರೊಸೆಸರಿಗೆ ಹೊತ್ತು ತರುವ ಪ್ರಯಾಣವೇ ತಪ್ಪುತ್ತದೆ. ಸಾಗಣೆಯ ಬೆಲೆಯ ಬಗ್ಗೆ ಮೇಲೆ ಬರೆದೆನಲ್ಲ, ಇವರು ಕತ್ತರಿ ಹಾಕುತ್ತಿರುವುದು ಆ ಬೆಲೆಗೇ. ನಿಮ್ಮ ವಿದ್ಯಾರ್ಥಿನಿಗೆ ಇದನ್ನು ಹೇಳಿ. ಓಮ್ ನಿಯಮದ ಪಾಠ ಬರುವ ದಿನ ಹೇಳಿದರೆ ಇನ್ನೂ ಒಳ್ಳೆಯದು.